ಕರಡಿ ಇರುವ ಕಾಡಿನಲ್ಲಿ ಬೇಟೆ: ಯಾವ ಬಂದೂಕು, ಯಾವ ಗುಂಡು?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಅಲಾಸ್ಕಾ, ಮೊಂಟಾನಾ, ವಯೋಮಿಂಗ್ ಕಡೆ ಎಲ್ಕ್ ಅಥವಾ ಮೂಸ್ (ಎರಡೂ ದೊಡ್ಡ ಜಾತಿಯ ಜಿಂಕೆಗಳು) ಬೇಟೆಗೆ ಹೊರಡುವವರು ಕೇಳುವ ಮೊದಲ ಪ್ರಶ್ನೆ, ಕರಡಿ ಮೈಮೇಲೆ ಬಂದರೆ ಎಷ್ಟು ದೊಡ್ಡ ಬಂದೂಕು ಬೇಕು ಅಂತ. ಉತ್ತರ ಹೇಳುತ್ತೇನೆ. ಅದಕ್ಕೂ ಮೊದಲು ನನ್ನದೊಂದು ಪ್ರಶ್ನೆ. ಆ ಹೊತ್ತಿಗೆ ನಿಮ್ಮ ಬಂದೂಕು ಎಲ್ಲಿರುತ್ತದೆ?

ಯೋಚಿಸಿ ನೋಡಿ. ಎಲ್ಕ್ ಬಿದ್ದಿದೆ, ಕತ್ತಲಾಗುತ್ತಿದೆ, ನೀವು ಮಂಡಿಯೂರಿ ಕೂತು ಹೊಟ್ಟೆ ಸೀಳಿ ಕರುಳು ತೆಗೆಯುತ್ತಿದ್ದೀರಿ, ಎರಡೂ ಕೈ ರಕ್ತ, ರೈಫಲ್ ಮಾತ್ರ ನಾಲ್ಕು ಹೆಜ್ಜೆ ಆಚೆ ಮರಕ್ಕೆ ಒರಗಿದೆ. ವಾಸನೆ ಹಿಡಿದು ಗ್ರಿಜ್ಲಿ, ಅಂದರೆ ಒಳನಾಡಿನ ಕಂದು ಕರಡಿ, ಬರುವುದು ಇಂಥ ಹೊತ್ತಿಗೇ. ಅದು ಗಂಟೆಗೆ ಸುಮಾರು 55 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. 30 ಮೀಟರ್ ದಾಟಲು ಎರಡು ಸೆಕೆಂಡ್ ಸಾಕು. ನಾಲ್ಕು ಹೆಜ್ಜೆ ಆಚೆಗಿನ ರೈಫಲ್ ಎಷ್ಟೇ ದೊಡ್ಡದಾಗಿರಲಿ, ಅದು ಇಲ್ಲದಂತೆಯೇ. ಬೇಟೆಗಾರರ ಕಷ್ಟ ಚಾರಣಿಗರಿಗಿಂತ ಬೇರೆ. ಸದ್ದು ಮಾಡುತ್ತಾ ನಡೆಯಿರಿ ಅಂತ ಚಾರಣಿಗರಿಗೆ ಹೇಳಬಹುದು. ಬೇಟೆಗಾರ ಸದ್ದಿಲ್ಲದೆ, ಗಾಳಿಗೆ ಎದುರಾಗಿ, ಎಲೆಯ ಬಣ್ಣದ ಬಟ್ಟೆ ತೊಟ್ಟು ನಡೆಯುತ್ತಾನೆ, ಸಾಲದ್ದಕ್ಕೆ ಎಲ್ಕ್ ಕೂಗನ್ನೂ ಕೂಗುತ್ತಾನೆ.

ಅದಕ್ಕೇ ಮೊದಲು ಬೇರ್ ಸ್ಪ್ರೇ, ಅಂದರೆ ಕರಡಿಯ ಮುಖಕ್ಕೆ ಚಿಮ್ಮಿಸುವ ಖಾರದ ಸ್ಪ್ರೇ. ಬಂದೂಕಿನ ಮಾತಿಗೆ ಬಂದವರಿಗೆ ಇದು ಹಿಡಿಸದೇ ಇರಬಹುದು, ಆದರೂ ಹೇಳಲೇಬೇಕು. ಅಲಾಸ್ಕಾದಲ್ಲಿ 1985ರಿಂದ 2006ರವರೆಗೆ ಸ್ಪ್ರೇ ಬಳಸಿದ 83 ಘಟನೆಗಳನ್ನು ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಜೊತೆಗಾರರು ಅಧ್ಯಯನ ಮಾಡಿದರು. ಕಂದು ಕರಡಿಗಳ ಮೇಲೆ ಅದು 92 ಪ್ರತಿಶತ ಸಲ ಕೆಲಸ ಮಾಡಿತ್ತು. ಆಮೇಲೆ 2012ರಲ್ಲಿ ಬಂದೂಕಿನ 269 ಘಟನೆಗಳನ್ನೂ ನೋಡಿದರು. ಕೈಬಂದೂಕು 84, ಉದ್ದ ಬಂದೂಕು (ರೈಫಲ್, ಶಾಟ್‌ಗನ್) 76 ಪ್ರತಿಶತ ಸಲ ಕೆಲಸ ಮಾಡಿತ್ತು. ಈ ಎರಡು ಅಧ್ಯಯನಗಳನ್ನು ನೇರವಾಗಿ ತೂಗಿ ನೋಡುವುದು ಸರಿಯಲ್ಲ, ಘಟನೆಗಳೇ ಬೇರೆ ಬೇರೆ ಥರದವು. ಆದರೆ ಬಂದೂಕು ಕೈಕೊಟ್ಟ ಕಡೆ ಕಾರಣಗಳು ಏನು ಗೊತ್ತಾ? ಸಮಯಕ್ಕೆ ತೆಗೆಯಲಾಗಲಿಲ್ಲ, ಸೇಫ್ಟಿ (ಗುಂಡು ಹಾರದಂತೆ ತಡೆಯುವ ಕೀಲಿ) ಬಿಡಿಸಲಿಲ್ಲ, ಕರಡಿ ತೀರಾ ಹತ್ತಿರ ಬಂದಿತ್ತು, ಗುರಿ ತಪ್ಪಿತು. ಎದುರುಗಾಳಿ ಜೋರಾಗಿದ್ದರೆ, ಚಳಿ ವಿಪರೀತವಿದ್ದರೆ ಸ್ಪ್ರೇ ಕೂಡ ಸೋಲುತ್ತದೆ. ಹಾಗಾಗಿ ಬೇಟೆಗಾರ ಎರಡನ್ನೂ ಇಟ್ಟುಕೊಳ್ಳಬೇಕು ಅಂತಲೇ ನನ್ನ ಅಭಿಪ್ರಾಯ. ಎರಡೂ ಮೈಮೇಲೇ ಇರಬೇಕು, ಬೆನ್ನಿನ ಚೀಲದಲ್ಲಲ್ಲ.

ಈಗ ಕೈಬಂದೂಕು. ಎದೆಯ ಮೇಲಿನ ಹೋಲ್ಸ್ಟರ್ (ಬಂದೂಕಿನ ಒರೆ) ಒಳ್ಳೆಯದು. ಚೀಲದ ಪಟ್ಟಿ ಅಡ್ಡ ಬರುವುದಿಲ್ಲ, ಬಗ್ಗಿ ಕೂತಾಗಲೂ ಕೈಗೆ ಸಿಗುತ್ತದೆ. .44 ಮ್ಯಾಗ್ನಮ್ ರಿವಾಲ್ವರ್ ಹಳೆಯ ನಂಬಿಕಸ್ಥ (ಇಂಥ ಚುಕ್ಕಿ ಅಂಕಿಗಳು ಗುಂಡಿನ ಅಗಲವನ್ನು ಅಂದಾಜು ಅಂಗುಲದಲ್ಲಿ ಹೇಳುತ್ತವೆ). ಈಚೆಗೆ 10 ಎಂಎಂ ಪಿಸ್ತೂಲು ಜಾಸ್ತಿ ಆಗಿದೆ, ಉದಾಹರಣೆಗೆ ಗ್ಲಾಕ್ 20, ಮ್ಯಾಗಜಿನ್‌ನಲ್ಲಿ 15 ಗುಂಡು. .454 ಕ್ಯಾಸುಲ್, .500 ಎಸ್ ಆಂಡ್ ಡಬ್ಲ್ಯು ಇನ್ನೂ ಬಲವಾದವು, ಆದರೆ ಒದೆತ ಎಂಥದ್ದೆಂದರೆ ಮೊದಲ ಗುಂಡಿನ ನಂತರ ಎರಡನೆಯದನ್ನು ಗುರಿಗೆ ತರುವಷ್ಟರಲ್ಲಿ ಕರಡಿ ಮೇಲಿರುತ್ತದೆ. ದೊಡ್ಡದನ್ನು ಒಂದು ಸಲ ಹೊಡೆದು ತಪ್ಪುವುದಕ್ಕಿಂತ ಸಾಧಾರಣದ್ದನ್ನು ಮೂರು ಸಲ ಸರಿಯಾಗಿ ಹೊಡೆಯುವುದು ಮೇಲು. ರಿವಾಲ್ವರ್‌ಗೆ ಇನ್ನೊಂದು ಗುಣವಿದೆ: ನಳಿಗೆಯ ತುದಿ ಕರಡಿಯ ಮೈಗೆ ಒತ್ತಿಕೊಂಡಿದ್ದರೂ ಗುಂಡು ಹಾರುತ್ತದೆ. ಪಿಸ್ತೂಲು ಹಾಗೆ ಒತ್ತಿದರೆ ಸ್ಲೈಡ್ (ಪಿಸ್ತೂಲಿನ ಮೇಲಿನ ಸರಿಯುವ ಭಾಗ) ಹಿಂದಕ್ಕೆ ಸರಿದು ಗುಂಡು ಹಾರದೇ ಹೋಗಬಹುದು.

ಗುಂಡಿನ ವಿಷಯದಲ್ಲೇ ಜನ ಹೆಚ್ಚು ಎಡವುವುದು. ಮನುಷ್ಯರಿಂದ ರಕ್ಷಣೆಗೆಂದು ಮಾಡಿದ, ತುದಿ ಟೊಳ್ಳಾದ ಹಾಲೋ ಪಾಯಿಂಟ್ ಗುಂಡು ಬೇಗ ಅರಳಿಕೊಳ್ಳುತ್ತದೆ, ಅರಳಿದ್ದು ಬೇಗ ನಿಲ್ಲುತ್ತದೆ. ಕರಡಿಗೆ ದಪ್ಪ ತುಪ್ಪಳ, ಕೊಬ್ಬು, ಭುಜದ ಸ್ನಾಯು, ಗಟ್ಟಿ ಮೂಳೆ. ಇಷ್ಟೆಲ್ಲ ದಾಟಿ ಒಳಗಿನ ಅಂಗ ಮುಟ್ಟಬೇಕಾದರೆ ಗುಂಡು ಆಕಾರ ಕೆಡದೆ ಆಳಕ್ಕೆ ಇಳಿಯಬೇಕು. ಅದಕ್ಕೇ ಹಾರ್ಡ್ ಕಾಸ್ಟ್, ಅಂದರೆ ಗಟ್ಟಿ ಮಿಶ್ರಲೋಹದ, ಚಪ್ಪಟೆ ಮೂತಿಯ ಸೀಸದ ಗುಂಡು. 10 ಎಂಎಂನಲ್ಲಿ 200ರಿಂದ 220 ಗ್ರೇನ್ (ಗುಂಡಿನ ತೂಕದ ಅಳತೆ), .44ರಲ್ಲಿ 240ರಿಂದ 300ರ ಆಸುಪಾಸು. 2016ರಲ್ಲಿ ಅಲಾಸ್ಕಾದ ಒಬ್ಬ ಗೈಡ್ 9 ಎಂಎಂ ಪಿಸ್ತೂಲಿನಲ್ಲೇ ಕಂದು ಕರಡಿಯನ್ನು ನಿಲ್ಲಿಸಿದರು. ಅದರಲ್ಲಿದ್ದದ್ದು ಇದೇ ಹಾರ್ಡ್ ಕಾಸ್ಟ್ ಗುಂಡು, ಹಿಡಿದವರ ಅನುಭವವೂ ದೊಡ್ಡದು. ಅದನ್ನು ನೋಡಿ 9 ಎಂಎಂ ಸಾಕು ಅಂದುಕೊಳ್ಳಬೇಡಿ. ಗುಂಡಿನ ಆಯ್ಕೆ ಎಷ್ಟು ಮುಖ್ಯ ಅನ್ನುವುದಕ್ಕೆ ಅದನ್ನು ಹೇಳಿದೆ.

ಕೊಂಡ ಗುಂಡನ್ನು ನಿಮ್ಮದೇ ಬಂದೂಕಿನಲ್ಲಿ ಹೊಡೆದು ನೋಡಿ. ಸುಮ್ನೆ ತುಂಬಿಸಿಕೊಂಡು ಹೋಗಬೇಡಿ. ಗ್ಲಾಕ್‌ನ ಮೂಲ ನಳಿಗೆಯಲ್ಲಿ ಜಾಕೆಟ್, ಅಂದರೆ ಲೋಹದ ಹೊದಿಕೆ, ಇಲ್ಲದ ಸೀಸದ ಗುಂಡು ಬೇಡ ಅಂತ ಕಂಪನಿಯೇ ಹೇಳುತ್ತದೆ, ಹಾಗಾಗಿ ಕೆಲವರು ಬೇರೆ ನಳಿಗೆ ಹಾಕಿಸುತ್ತಾರೆ. ಹಗುರವಾದ ರಿವಾಲ್ವರ್‌ನಲ್ಲಿ ಇನ್ನೊಂದು ತೊಂದರೆ. ಒದೆತದ ಹೊಡೆತಕ್ಕೆ, ಇನ್ನೂ ಹಾರಿಸದ ಕಾಡತೂಸುಗಳ ಗುಂಡು ಮುಂದಕ್ಕೆ ಜಾರಿ ಸಿಲಿಂಡರ್ ತಿರುಗದಂತೆ ಸಿಕ್ಕಿಕೊಳ್ಳಬಹುದು. ಇದು ಕಾಡಿಗೆ ಹೋಗುವ ಮೊದಲು, ಗುರಿ ಅಭ್ಯಾಸದ ಮೈದಾನದಲ್ಲೇ ಗೊತ್ತಾಗಲಿ.

ರೈಫಲ್ ಕೈಯಲ್ಲೇ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಅಮೆರಿಕದ ಅರಣ್ಯ ಇಲಾಖೆ 1983ರಲ್ಲಿ ಹತ್ತಿರದ ದೂರದಲ್ಲಿ ಗುಂಡುಗಳ ಪರೀಕ್ಷೆ ನಡೆಸಿ ವರದಿ ಪ್ರಕಟಿಸಿತು. .458, .375, .338 ಮ್ಯಾಗ್ನಮ್‌ಗಳ ಜೊತೆಗೆ, 220 ಗ್ರೇನ್ ಗುಂಡು ಹಾಕಿದ ಸಾಮಾನ್ಯ .30-06 ಕೂಡ ಅದರಲ್ಲಿ ಚೆನ್ನಾಗಿ ನಿಂತಿತು. ಅಂದರೆ ಹೊಸ ರೈಫಲ್ ಕೊಳ್ಳಬೇಕಿಲ್ಲ, ಒಳ್ಳೆಯ ಗುಂಡು ಕೊಂಡರೆ ಆಯಿತು. ಹಗುರ, ವೇಗದ ಜಿಂಕೆ ಗುಂಡು ಹತ್ತಿರದಲ್ಲಿ ಒಡೆದು ಚೂರಾಗಬಹುದು. ನೋಸ್ಲರ್ ಪಾರ್ಟಿಷನ್ (ನಡುವೆ ಲೋಹದ ಗೋಡೆ ಇರುವ ಗುಂಡು) ಥರದ್ದು, ಬಾಂಡೆಡ್ (ಸೀಸವನ್ನು ಹೊದಿಕೆಗೆ ಬೆಸೆದ) ಗುಂಡು ಅಥವಾ ಪೂರ್ತಿ ತಾಮ್ರದ್ದು ಹಾಗೆ ಒಡೆಯುವುದಿಲ್ಲ. ಇನ್ನೊಂದು ಮಾತು, ನಡೆಯುವಾಗ ಸ್ಕೋಪನ್ನು ಅತಿ ಕಡಿಮೆ ಪವರ್‌ಗೆ ತಿರುಗಿಸಿಡಿ. ಒಂಬತ್ತು ಪಟ್ಟು ಹಿಗ್ಗಿಸಿದ ಸ್ಕೋಪಿನಲ್ಲಿ ಹತ್ತು ಮೀಟರ್ ದೂರದ ಕರಡಿ ಬರೀ ತುಪ್ಪಳವಾಗಿ ಕಾಣುತ್ತದೆ, ಎಲ್ಲಿಗೆ ಹೊಡೆಯಬೇಕು ಅಂತಲೇ ತಿಳಿಯುವುದಿಲ್ಲ.

ಶಾಟ್‌ಗನ್ ಆದರೆ 12 ಬೋರ್, ಗಟ್ಟಿ ಸೀಸದ ಸ್ಲಗ್, ಅಂದರೆ ಒಂದೇ ದೊಡ್ಡ ಗುಂಡು. ಬ್ರೆನ್ನೆಕೆ ಥರದವು. ಮೆತ್ತನೆ ಸೀಸದ ಸ್ಲಗ್ ಚಪ್ಪಟೆಯಾಗಿ ನಿಲ್ಲುತ್ತದೆ. ಬಕ್‌ಶಾಟ್, ಅಂದರೆ ಹಲವು ಸಣ್ಣ ಗುಂಡುಗಳ ಕಾಡತೂಸು, ಬೇಡವೇ ಬೇಡ.

ಎಲ್ಲಿಗೆ ಹೊಡೆಯುವುದು? ತಲೆಗೆ ಅಂತ ಎಲ್ಲರೂ ಹೇಳುತ್ತಾರೆ. ಕರಡಿಯ ತಲೆಬುರುಡೆ ಇಳಿಜಾರು, ಮಿದುಳು ಚಿಕ್ಕದು, ಓಡುವಾಗ ತಲೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಎದುರಿನಿಂದ ಬರುವ ಕರಡಿಗೆ ಎದೆಯ ನಡುಭಾಗಕ್ಕೆ ಗುರಿಯಿಟ್ಟು, ನಿಲ್ಲುವ ತನಕ ಹೊಡೆಯುತ್ತಲೇ ಇರಬೇಕು. ಹಾಗಂತ ಕಂಡ ಕರಡಿಗೆಲ್ಲ ಗುಂಡು ಹಾರಿಸಬೇಡಿ. ಎಷ್ಟೋ ಸಲ ಅದು ಹೆದರಿಸಲು ನುಗ್ಗಿ ಬಂದು ಅರ್ಧಕ್ಕೆ ತಿರುಗಿ ಹೋಗುತ್ತದೆ. ಗಾಯಗೊಂಡು ಪೊದೆ ಸೇರಿದ ಕರಡಿ ನಿಮಗೂ ಅಪಾಯ, ಹಿಂದೆ ಬರುವವರಿಗೂ ಅಪಾಯ.

ಕಾನೂನಿನದು ಸ್ವಲ್ಪ ಹೇಳಿ ಮುಗಿಸುತ್ತೇನೆ. ಅಲಾಸ್ಕಾ ಬಿಟ್ಟು, ಅದರ ಕೆಳಗಿನ 48 ರಾಜ್ಯಗಳಲ್ಲಿ ಗ್ರಿಜ್ಲಿಗೆ 1975ರಿಂದ ಕೇಂದ್ರ ಕಾನೂನಿನ ರಕ್ಷಣೆ ಇದೆ. ಜೀವ ಉಳಿಸಿಕೊಳ್ಳಲು ಕೊಂದರೆ ಅಪರಾಧವಲ್ಲ, ಆದರೆ ಐದು ದಿನದೊಳಗೆ ತಿಳಿಸಬೇಕು, ಅದು ಆತ್ಮರಕ್ಷಣೆಯೇ ಹೌದಾ ಅಂತ ತನಿಖೆ ಆಗುತ್ತದೆ. ಅಲಾಸ್ಕಾದಲ್ಲಿ ಉಗುರು ಸಮೇತ ಚರ್ಮ ಮತ್ತು ತಲೆಬುರುಡೆಯನ್ನು ನೀವೇ ಬಿಡಿಸಿ ಸರ್ಕಾರಕ್ಕೆ ಒಪ್ಪಿಸಬೇಕು, 15 ದಿನದೊಳಗೆ ಲಿಖಿತ ವರದಿಯನ್ನೂ ಕೊಡಬೇಕು. ಇದನ್ನೆಲ್ಲ ಹೊರಡುವ ಮುಂಚೆಯೇ ಓದಿಕೊಂಡಿರಿ. ಈಗ ನಿಮ್ಮ ಪ್ರಶ್ನೆಗಳು, ಹೋಲ್ಸ್ಟರ್ ಕಟ್ಟಿ ನೋಡಬೇಕೆನ್ನುವವರು ಮುಂದೆ ಬನ್ನಿ.