ಕಚಗುಳಿ ಇಡುವ ಕೈ

ಕೇಳುಗರಿಗೆಲ್ಲ ನಮಸ್ಕಾರ. ರೇಡಿಯೋ ಹಚ್ಚಿಕೊಂಡು ಕೂತಿದ್ದೀರಿ ಅಲ್ವಾ, ಹಾಗೇ ನಿಮ್ಮ ಬೆರಳಿನಿಂದ ನಿಮ್ಮದೇ ಅಂಗಾಲು ಕೆರೆದು ನೋಡಿ. ನಗು ಬರುವುದಿಲ್ಲ. ಅದೇ ಜಾಗಕ್ಕೆ ಪಕ್ಕದವರು ಕೈ ಹಾಕಲಿ, ಕಾಲು ತಾನಾಗಿ ಹಿಂದೆ ಸರಿಯುತ್ತದೆ. ಕೆಲವರಿಗಂತೂ ಮುಟ್ಟುವುದೂ ಬೇಡ, ದೂರದಿಂದ ಬೆರಳು ಆಡಿಸಿದರೆ ಸಾಕು.

ಇದರ ಗುಟ್ಟು ತಲೆಯ ಹಿಂಭಾಗದ ಕಿರುಮೆದುಳಿನಲ್ಲಿದೆ. 1998ರಲ್ಲಿ ಲಂಡನ್ನಿನಲ್ಲಿ ಮೆದುಳಿನ ಸಂಶೋಧಕಿ ಸಾರಾ ಜೇನ್ ಬ್ಲೇಕ್‌ಮೋರ್ ಮತ್ತು ಜೊತೆಗಾರರು ಜನರನ್ನು ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ, ಅಂಗೈ ಮೇಲೆ ಮೆತ್ತನೆಯ ಸ್ಪಂಜು ಆಡಿಸಿ ನೋಡಿದರು. ನಮ್ಮ ಕೈ ನಾವೇ ಆಡಿಸುವಾಗ ಅದು ಎಲ್ಲಿ ತಾಗುತ್ತದೆ, ಯಾವಾಗ ತಾಗುತ್ತದೆ ಅಂತ ಕಿರುಮೆದುಳಿಗೆ ಮೊದಲೇ ಅಂದಾಜಿರುತ್ತದೆ, ಹಾಗಾಗಿ ಆ ಸ್ಪರ್ಶ ಮಂಕಾಗುತ್ತದೆ. ಆಮೇಲೆ ಅವರೇ ನಡುವೆ ಒಂದು ರೋಬೋಟ್ ಇಟ್ಟರು. ಒಂದು ಕೈಯಿಂದ ಹಿಡಿಕೆ ಆಡಿಸಿದರೆ ಇನ್ನೊಂದು ಕೈ ಮೇಲೆ ರೋಬೋಟ್ ಸ್ಪಂಜು ಆಡಿಸುತ್ತದೆ. ತಕ್ಷಣ ಆಡಿಸಿದರೆ ಕಚಗುಳಿ ಕಡಿಮೆ. ಸೆಕೆಂಡಿನ ಐದನೇ ಒಂದು ಭಾಗ ತಡವಾದರೂ ಸಾಕು, ಕಚಗುಳಿ ಜಾಸ್ತಿ! ಅಂದಾಜು ತಪ್ಪಿತಲ್ಲ, ಅದಕ್ಕೆ.

ಕಚಗುಳಿಯಲ್ಲಿ ಎರಡು ಬಗೆ ಅಂತ 1897ರಲ್ಲೇ ಹಾಲ್ ಮತ್ತು ಆಲಿನ್ ಎಂಬ ಅಮೆರಿಕದ ವಿದ್ವಾಂಸರು ಗುರುತಿಸಿದ್ದರು. ಹೊಲದಲ್ಲಿ ಕೂತಾಗ ಕುತ್ತಿಗೆ ಮೇಲೆ ಇರುವೆ ಹರಿದರೆ ಆಗುವುದು ಒಂದು. ಅದರಲ್ಲಿ ನಗು ಇಲ್ಲ, ಕೈ ಝಾಡಿಸುತ್ತೇವೆ ಅಷ್ಟೇ. ಎಮ್ಮೆ ಕೂಡ ನೊಣ ಕೂತರೆ ಚರ್ಮ ಅದುರಿಸುತ್ತದೆ. ಪಕ್ಕೆಲುಬು, ಕಂಕುಳಿಗೆ ಕೈ ಹಾಕಿದಾಗ ಹೊಟ್ಟೆ ಹಿಡಿದುಕೊಂಡು ನಗುತ್ತೇವಲ್ಲ, ಅದು ಇನ್ನೊಂದು. ಇದು ನಮಗೆ ನಾವೇ ಇಟ್ಟುಕೊಂಡರೆ ಬರುವುದಿಲ್ಲ.

ನಮ್ಮ ವಿಜಯಪುರದ ಕಡೆ ಆಯಿ ಮೊಮ್ಮಗಳನ್ನು ಆಡಿಸುವುದು ನೋಡಿ. ಅಂಗೈ ಬಿಡಿಸಿ, ಅದರಲ್ಲಿ ಸುಮ್ನೆ ರೊಟ್ಟಿ ಮುರಿದು ಹಾಕಿದ ಹಾಗೆ, ಬ್ಯಾಳಿ ಸುರುವಿದ ಹಾಗೆ ಮಾಡಿ, ತುಪ್ಪ ಬಿಟ್ಟು, ಬೆರಳ ತುದಿಯಿಂದ ಗುಂಡಗೆ ಕಲಸುತ್ತಾಳೆ. "ಇದು ಅಜ್ಜಗ, ಇದು ಅಪ್ಪಗ, ಇದು ಕಾಕಾಗ" ಅಂತ ಒಂದೊಂದೇ ಬೆರಳು ಮಡಚುತ್ತಾಳೆ. ಆಮೇಲೆ ಎರಡು ಬೆರಳು ಮುಂಗೈ ಮೇಲೆ ನಡೆಯತೊಡಗುತ್ತವೆ, "ಮಾಮಾನ ಊರಿಗೆ ದಾರಿ ಎಲ್ಲೈತಿ? ಇಲ್ಲೈತೇನ? ಇಲ್ಲೈತೇನ?" ಮೊಣಕೈ ಹತ್ತಿರ ಬಂದು ನಿಂತುಬಿಡುತ್ತಾಳೆ. ಮಗು ಆಗಲೇ ನಗುತ್ತಿರುತ್ತದೆ, ಕಂಕುಳಿಗೆ ಬೆರಳು ಇನ್ನೂ ಮುಟ್ಟಿಯೇ ಇಲ್ಲ! ಆ ನಿಲ್ಲುವುದೇ ಆಯಿಯ ಕೈಚಳಕ. ಕಚಗುಳಿಗೆ ಬೆರಳು ಎಲ್ಲಿ ತಾಗುತ್ತದೆ ಅಂತ ಮೊದಲೇ ಗೊತ್ತಿರಬಾರದು ಅಂತ ಡಾರ್ವಿನ್ 1872ರಲ್ಲೇ ಬರೆದಿದ್ದ. ಮನಸ್ಸೂ ಖುಷಿಯಾಗಿರಬೇಕು, ಗುರುತಿಲ್ಲದವರು ಕಚಗುಳಿ ಇಟ್ಟರೆ ಮಗು ಹೆದರಿ ಚೀರುತ್ತದೆ ಅಂತಲೂ ಅಂದಿದ್ದ.

ಅದಕ್ಕೇ ನಮ್ಮಲ್ಲಿ ಯಾರು ಯಾರಿಗೆ ಕಚಗುಳಿ ಇಡಬಹುದು ಅನ್ನುವುದು ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತು. ಅಜ್ಜ, ಆಯಿ, ಸೋದರಮಾವ, ಅಕ್ಕ ತಂಗಿ, ಓರಗೆಯ ಗೆಳತಿಯರು. ಸಲುಗೆ ಇದ್ದಲ್ಲಿ ಮಾತ್ರ ಈ ಆಟ. ಗೌರವದಿಂದ ದೂರ ನಿಲ್ಲುವವರ ನಡುವೆ ಇದು ನಡೆಯುವುದಿಲ್ಲ.

ಆದರೆ ಒಂದು ಮಾತು ನಾನು ಒತ್ತಿ ಹೇಳಬೇಕು. ನಗುತ್ತಿದೆ ಅಂದಮಾತ್ರಕ್ಕೆ ಮಗುವಿಗೆ ಖುಷಿಯಾಗುತ್ತಿದೆ ಅಂತ ತಿಳಿಯಬೇಡಿ. 1999ರಲ್ಲಿ ಕ್ರಿಸ್ಟೀನ್ ಹ್ಯಾರಿಸ್ ಮತ್ತು ನಿಕೊಲಸ್ ಕ್ರಿಸ್ಟನ್‌ಫೆಲ್ಡ್ ಕೆಲವರ ಕಣ್ಣು ಕಟ್ಟಿ, ಈಗ ಕಚಗುಳಿ ಇಡುವುದು ಯಂತ್ರ ಅಂತ ನಂಬಿಸಿದರು. ನಿಜಕ್ಕೂ ಇಟ್ಟದ್ದು ಮನುಷ್ಯರೇ. ಯಂತ್ರ ಅಂದುಕೊಂಡಾಗಲೂ ಅವರು ಅಷ್ಟೇ ನಕ್ಕರು. ಅಂದರೆ ಮನಸ್ಸು ಒಪ್ಪಲಿ ಬಿಡಲಿ, ಮೈ ನಗಬಲ್ಲದು. ಮದುವೆ ಮನೆಯಲ್ಲಿ ಮಗುವನ್ನು ಹಿಡಿದು ಉಸಿರು ಕಟ್ಟುವ ತನಕ ಕಚಗುಳಿ ಇಡುವವರಿರುತ್ತಾರೆ, ಅದು ನಗುತ್ತಲೇ "ಬ್ಯಾಡ, ಬಿಡ್ರಿ" ಅನ್ನುತ್ತದೆ, ಸುತ್ತಲಿನವರಿಗೆ ನಗುವಷ್ಟೇ ಕೇಳಿಸುತ್ತದೆ. ನನಗೆ ಅದನ್ನು ನೋಡಿದರೆ ಸಂಕಟವಾಗುತ್ತದೆ.

ಬರ್ಲಿನ್ನಿನ ಇಶಿಯಾಮಾ ಮತ್ತು ಬ್ರೆಕ್ಟ್ 2016ರಲ್ಲಿ ಇಲಿಗಳಿಗೆ ಕಚಗುಳಿ ಇಟ್ಟು ನೋಡಿದ್ದಾರೆ. ಇಲಿಗಳು ನಮ್ಮ ಕಿವಿಗೆ ಕೇಳದಷ್ಟು ಕೀರಲು ದನಿಯಲ್ಲಿ ಚಿಲಿಪಿಲಿಗುಟ್ಟುತ್ತವೆ. ಎತ್ತರದ ಕಟ್ಟೆ ಮೇಲೆ ಪ್ರಖರ ಬೆಳಕಿನಲ್ಲಿ ನಿಲ್ಲಿಸಿ ಹೆದರಿಸಿದರೆ ಆ ದನಿ ಕಡಿಮೆಯಾಗುತ್ತದೆ. ಹೆದರಿಕೆ ಇಲ್ಲದಾಗ, ಕೈ ಹಿಂದಕ್ಕೆ ತೆಗೆದರೆ ಇಲಿ ಆ ಕೈಯನ್ನೇ ಬೆನ್ನಟ್ಟಿ ಬರುತ್ತದೆ. ಮಗುವಿನ ಜೊತೆಗೂ ಹೀಗೇ ಮಾಡಿ ನೋಡಿ. ನಡುವೆ ಒಮ್ಮೆ ಕೈ ಪೂರ್ತಿ ತೆಗೆಯಿರಿ. "ಇನ್ನೊಮ್ಮಿ" ಅಂತ ಅದೇ ಹತ್ತಿರ ಬಂದರೆ ಮುಂದುವರಿಸಿ. ಅವ್ವನ ಹಿಂದೆ ಹೋಗಿ ನಿಂತರೆ ಅಲ್ಲಿಗೆ ಬಿಟ್ಟುಬಿಡಿ.