ಮಳೆಪುಸ್ತಕವನ್ನು ಓದುವ ಬಗೆ

ಕೇಳುಗರಿಗೆ ನಮಸ್ಕಾರ.

ಮೂಡಿಗೆರೆ ಕಡೆಯ ಕಾಫಿ ತೋಟದ ಮನೆಗಳಲ್ಲಿ ಒಂದು ಮಳೆಪುಸ್ತಕ ಇರುತ್ತದೆ. ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, 'ಒಂದು ಇಂಚು ಇಪ್ಪತ್ತು ಸೆಂಟ್ಸ್' ಎಂದು ಬರೆದಿಡುವ ಪುಸ್ತಕ. ಸೆಂಟ್ ಅಂದರೆ ಇಂಚಿನ ನೂರರಲ್ಲಿ ಒಂದು ಪಾಲು. ನಮ್ಮ ಮನೆಯಲ್ಲೂ ಇದೆ. ಅಪ್ಪನ ಅಕ್ಷರ, ಅಲ್ಲಲ್ಲಿ ಒದ್ದೆಯಾಗಿ ಹರಡಿದ ಶಾಯಿ. ಮಳೆ ಮೊದಲಿನ ಹಾಗಿಲ್ಲ ಅಂತೀವಲ್ಲ, ಅದು ನಿಜವೇ ಎಂದು ಈ ಪುಸ್ತಕವನ್ನೇ ಕೇಳಬಹುದು.

ಸಾಮಾನ್ಯವಾಗಿ ವರ್ಷಕ್ಕೊಂದು ಚುಕ್ಕಿ ಇಟ್ಟು, ನಡುವೆ ನೇರ ಗೆರೆ ಎಳೆಯುತ್ತಾರೆ. ನನಗೆ ಆ ಗೆರೆಯ ಮೇಲೆ ಅಷ್ಟು ನಂಬಿಕೆಯಿಲ್ಲ. ಪುಸ್ತಕದ ಕೊನೆಯಲ್ಲಿ ಒಂದೆರಡು ವರ್ಷ ಮಳೆ ಹುಚ್ಚೆದ್ದು ಸುರಿದರೆ ಸಾಕು, ಇಡೀ ಗೆರೆ ಮೇಲೆದ್ದುಬಿಡುತ್ತದೆ.

ನನಗೆ ಹಿಡಿಸಿದ್ದು ಮಾನ್-ಕೆಂಡಲ್ ಪರೀಕ್ಷೆ, ಅಂಕಿಗಳು ಒಟ್ಟಾರೆ ಏರುತ್ತಿವೆಯೇ ಇಳಿಯುತ್ತಿವೆಯೇ ಎಂದು ನೋಡುವ ಲೆಕ್ಕ. 1945ರಲ್ಲಿ ಗಣಿತಜ್ಞ ಮಾನ್ ಅದಕ್ಕೆ ದಾರಿ ಹಾಕಿದರು. ಸುಮ್ನೆ ಲೆಕ್ಕಕ್ಕೆ, ಐದು ವರ್ಷದ ಮಳೆ 80, 84, 78, 90, 86 ಇಂಚು ಅಂದುಕೊಳ್ಳಿ. ಪ್ರತಿ ವರ್ಷವನ್ನೂ ಅದರ ಮುಂದಿನ ಎಲ್ಲ ವರ್ಷಗಳ ಜೊತೆ ಹೋಲಿಸಿ. ಒಟ್ಟು ಹತ್ತು ಜೋಡಿ. ಏಳರಲ್ಲಿ ಮಳೆ ಏರಿದೆ, ಮೂರರಲ್ಲಿ ಇಳಿದಿದೆ. ಏಳರಲ್ಲಿ ಮೂರು ಕಳೆದರೆ ನಾಲ್ಕು. ಹಾಗಾದರೆ ಮಳೆ ಹೆಚ್ಚುತ್ತಿದೆ ಅಲ್ವಾ? ಇಲ್ಲ, ಅವಸರ ಬೇಡ. ಈ ಐದು ಅಂಕಿಗಳನ್ನು 120 ಬಗೆಯಲ್ಲಿ ಜೋಡಿಸಬಹುದು. ಅದರಲ್ಲಿ 29 ಸಲ ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಬರುತ್ತದೆ. ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಸಲ ತಾನಾಗಿಯೇ ಬರುವ ಅಂಕಿ ಏನನ್ನೂ ಸಾಬೀತು ಮಾಡುವುದಿಲ್ಲ. ಅದಕ್ಕೇ ಮೂವತ್ತು, ನಲವತ್ತು ವರ್ಷದ ಪುಸ್ತಕ ಬೇಕು. ಇಲ್ಲಿ ಏರಿತೇ ಇಳಿಯಿತೇ ಎಂದಷ್ಟೇ ಎಣಿಸುವುದರಿಂದ ಒಂದು ವರ್ಷದ ಅತಿವೃಷ್ಟಿ ಲೆಕ್ಕವನ್ನು ಕೆಡಿಸಲಾರದು.

ವರ್ಷಕ್ಕೆ ಎಷ್ಟು ಏರಿತು ಎಂಬುದಕ್ಕೆ ಸಂಖ್ಯಾಶಾಸ್ತ್ರಜ್ಞ ಪ್ರಣಬ್ ಕುಮಾರ್ ಸೇನ್ 1968ರಲ್ಲಿ ವಿವರಿಸಿದ ವಿಧಾನವಿದೆ. ಪ್ರತಿ ಜೋಡಿಯ ವ್ಯತ್ಯಾಸವನ್ನು ಆ ಎರಡು ವರ್ಷಗಳ ಅಂತರದಿಂದ ಭಾಗಿಸಿ, ಬಂದದ್ದನ್ನೆಲ್ಲ ಸಾಲಾಗಿ ಜೋಡಿಸಿ, ನಟ್ಟನಡುವಿನ ಅಂಕಿ ತೆಗೆದುಕೊಂಡರಾಯಿತು.

ನಮ್ಮ ಪುಸ್ತಕಕ್ಕೆ ಈ ಲೆಕ್ಕ ಹಾಕಿದಾಗ ಮಳೆ ಇಳಿಯುತ್ತಿದೆ ಎಂದು ಬಂತು. ನನಗೆ ನಿಜವಾಗಿಯೂ ಗಾಬರಿಯಾಯಿತು. ಆಮೇಲೆ ಪೆಟಿಟ್ ಪರೀಕ್ಷೆ ಮಾಡಿದೆ. 1979ರ ಈ ವಿಧಾನ, ಅಂಕಿಗಳು ದಿಢೀರನೆ ಬದಲಾದ ವರ್ಷವನ್ನು ಹುಡುಕುತ್ತದೆ. ಅದು ತೋರಿಸಿದ ವರ್ಷ ನೋಡಿದ ಕೂಡಲೇ ನೆನಪಾಯಿತು. ಮನೆ ರಿಪೇರಿಯ ವರ್ಷ ಅದು. ಮಾಪಕವನ್ನು ಕಾಫಿ ಕಣದಿಂದ ಕಿತ್ತು ಸಿಲ್ವರ್ ಓಕ್ ಮರದ ಬುಡಕ್ಕೆ ಇಟ್ಟಿದ್ದೆವು. ಮಳೆ ಇಳಿದಿರಲಿಲ್ಲ, ಎಲೆಗಳು ತಡೆದಿದ್ದವು.

ಮಾಪಕವನ್ನು ಮತ್ತೆ ಬಯಲಿಗೆ ತಂದಿದ್ದೇವೆ. ಈಗ ಕಾಫಿ ಹೂ ಅರಳಿಸುವ ಹೂಮಳೆಯ ಲೆಕ್ಕ ಬೇರೆ ಹಾಕುತ್ತಿದ್ದೇನೆ. ವರ್ಷದ ಮೊತ್ತ ಎಷ್ಟೇ ಇರಲಿ, ಫೆಬ್ರವರಿ-ಮಾರ್ಚ್‌ನಲ್ಲಿ ಮಳೆ ಕೈಕೊಟ್ಟರೆ ರೊಬಸ್ಟಾ ಕಾಫಿ ಫಸಲಿಗೆ ಪೆಟ್ಟು. ನಿಮ್ಮ ಮನೆಯಲ್ಲೂ ಹಳೆಯ ಮಳೆಪುಸ್ತಕ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಮಾಪಕ ಯಾವಾಗ, ಎಲ್ಲಿತ್ತು ಅಂತ ಹಿರಿಯರನ್ನು ಕೇಳಿ ಮೊದಲ ಪುಟದಲ್ಲೇ ಬರೆದಿಡಿ.

ನಮಸ್ಕಾರ.