ಗಂಡೋ ಹೆಣ್ಣೋ: ಸಾಕುಹಕ್ಕಿಗಳ ಡಿಎನ್‌ಎ ಪರೀಕ್ಷೆ

ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಲಿಂಗ ಪತ್ತೆ ಎಂಬ ಮಾತು ಕಿವಿಗೆ ಬಿದ್ದೊಡನೆ ಸ್ಕ್ಯಾನಿಂಗ್ ಕೇಂದ್ರಗಳ ಗೋಡೆಯ ಮೇಲಿನ ಎಚ್ಚರಿಕೆಯ ಫಲಕ ನೆನಪಾಗುವುದು ಸಹಜ. ಆ ಫಲಕದ ಹಿಂದಿರುವ, ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆ ಮನುಷ್ಯರ ಭ್ರೂಣಕ್ಕೆ ಸಂಬಂಧಿಸಿದ್ದು. ಈ ಹೊತ್ತಿನ ಮಾತು ಪಂಜರದ ಹಕ್ಕಿಗಳದ್ದು. ಅವುಗಳ ಲಿಂಗವನ್ನು ತಿಳಿಯುವುದಕ್ಕೆ ಆ ಕಾಯ್ದೆಯ ಅಡ್ಡಿಯಿಲ್ಲ.

ದಾವಣಗೆರೆ, ಚಿತ್ರದುರ್ಗದ ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂದು ಜೋಡಿ ಲೆಕ್ಕದಲ್ಲಿ ಕೊಡುವ ಪುಟ್ಟ ಹಕ್ಕಿಗಳು ಬಹುಮಟ್ಟಿಗೆ ಆಸ್ಟ್ರೇಲಿಯ ಮೂಲದ ಬಡ್ಜರಿಗರ್‌ಗಳು. ಇವುಗಳಿಗೆ ಡಿಎನ್‌ಎ ಪರೀಕ್ಷೆಯ ಖರ್ಚು ಸಾಮಾನ್ಯವಾಗಿ ಬೇಕಿಲ್ಲ ಎಂಬುದೇ ನನ್ನ ಅಭಿಪ್ರಾಯ. ಕೊಕ್ಕಿನ ಮೇಲೆ, ಮೂಗಿನ ಹೊಳ್ಳೆಗಳ ಸುತ್ತ ಇರುವ ನುಣುಪಾದ ಚರ್ಮವು ಬೆಳೆದ ಗಂಡಿನಲ್ಲಿ ನೀಲಿಯಾಗಿಯೂ, ಹೆಣ್ಣಿನಲ್ಲಿ ಬಿಳಿಚು ಅಥವಾ ಕಂದು ಬಣ್ಣವಾಗಿಯೂ ಇರುತ್ತದೆ. ಆದರೆ ಮರಿಗಳಲ್ಲಿ ಈ ಗುರುತು ಸ್ಪಷ್ಟವಾಗಿರುವುದಿಲ್ಲ. ಅಚ್ಚ ಬಿಳಿ ಮತ್ತು ಅಚ್ಚ ಹಳದಿ ತಳಿಗಳಲ್ಲಿ ಬೆಳೆದ ಗಂಡಿಗೂ ಆ ಚರ್ಮ ಗುಲಾಬಿಯಾಗಿಯೇ ಉಳಿಯುವುದರಿಂದ ಅನುಭವಿಗಳೂ ಎಡವುತ್ತಾರೆ. ಆಫ್ರಿಕ ಮೂಲದ ನಿಜವಾದ ಲವ್ ಬರ್ಡ್‌ಗಳ ಹೆಚ್ಚಿನ ಜಾತಿಗಳಲ್ಲಿ, ಕೊನ್ಯೂರ್ ಎಂಬ ಗಿಳಿಗಳಲ್ಲಿ, ಬೂದು ಗಿಳಿಯಲ್ಲಿ ಗಂಡು ಹೆಣ್ಣಿನ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸವೇ ಇಲ್ಲವೆನ್ನಬಹುದು. ಮಾರುವವರು ಹಕ್ಕಿಯನ್ನು ಮಗುಚಿ, ಸೊಂಟದ ಎಲುಬುಗಳ ನಡುವಿನ ಅಂತರವನ್ನು ಬೆರಳಿನಿಂದ ಒತ್ತಿ ನೋಡಿ ‘ಇದು ಹೆಣ್ಣು’ ಎಂದು ಹೇಳುವುದುಂಟು. ಮೊಟ್ಟೆಗೆ ಬಂದ ಹೆಣ್ಣಿನಲ್ಲಿ ಆ ಅಂತರ ಅಗಲವಾಗುವುದು ನಿಜವಾದರೂ, ಉಳಿದ ಸಮಯದಲ್ಲಿ ಅದು ಬರಿಯ ಅಂದಾಜು.

ಡಿಎನ್‌ಎ ಪರೀಕ್ಷೆ ನೆರವಾಗುವುದು ಇಂಥಲ್ಲಿ. ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಎಂಬುದು ತಂದೆಯಿಂದ ಬರುವ ವರ್ಣತಂತುವನ್ನು ಅವಲಂಬಿಸಿದ್ದರೆ, ಹಕ್ಕಿಗಳಲ್ಲಿ ಅದು ತಾಯಿಯ ಕಡೆಯಿಂದ ತೀರ್ಮಾನವಾಗುತ್ತದೆ. ಗಂಡುಹಕ್ಕಿಗೆ ಎರಡು ಝಡ್ ವರ್ಣತಂತುಗಳಿದ್ದರೆ, ಹೆಣ್ಣಿಗೆ ಒಂದು ಝಡ್ ಮತ್ತು ಒಂದು ಡಬ್ಲ್ಯೂ ಇರುತ್ತವೆ. ಸಿಎಚ್‌ಡಿ1 ಎಂಬ ಜೀನ್ ಈ ಎರಡರಲ್ಲಿಯೂ ಇದೆ, ಆದರೆ ಅದರೊಳಗಿನ ಕೆಲವು ತುಣುಕುಗಳ ಉದ್ದ ಎರಡರಲ್ಲಿ ಬೇರೆ ಬೇರೆ. ಪ್ರಯೋಗಾಲಯದಲ್ಲಿ ಪಿಸಿಆರ್ ವಿಧಾನದಿಂದ ಆ ತುಣುಕಿನ ಲಕ್ಷಾಂತರ ಪ್ರತಿಗಳನ್ನು ಮಾಡಿ, ಜೆಲ್ ಮೇಲೆ ವಿದ್ಯುತ್ ಹಾಯಿಸಿ ಉದ್ದಕ್ಕೆ ತಕ್ಕಂತೆ ಬೇರ್ಪಡಿಸುತ್ತಾರೆ. ಒಂದೇ ಗೆರೆ ಮೂಡಿದರೆ ಗಂಡು, ಎರಡು ಗೆರೆ ಮೂಡಿದರೆ ಹೆಣ್ಣು. 1998ರಲ್ಲಿ ರಿಚರ್ಡ್ ಗ್ರಿಫಿತ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಈ ವಿಧಾನ ಬಹುತೇಕ ಹಕ್ಕಿಗಳಿಗೆ ಅನ್ವಯಿಸುತ್ತದೆ. ಎರಡು ವರ್ಣತಂತುಗಳೂ ಹೆಚ್ಚುಕಡಿಮೆ ಒಂದೇ ರೀತಿ ಇರುವ ಎಮು, ಉಷ್ಟ್ರಪಕ್ಷಿಗಳಿಗೆ ಮಾತ್ರ ಅನ್ವಯಿಸುವುದಿಲ್ಲ.

‘ಮನೆಯಲ್ಲೇ ಪರೀಕ್ಷೆ’ ಎಂದು ಜಾಹೀರಾತಿನಲ್ಲಿ ಹೇಳಿದರೂ, ಮನೆಯಲ್ಲಿ ನಡೆಯುವುದು ಮಾದರಿ ತೆಗೆಯುವ ಕೆಲಸವಷ್ಟೇ. ಪರೀಕ್ಷೆ ನಡೆಯುವುದು ಪ್ರಯೋಗಾಲಯದಲ್ಲಿ. ಆದರೂ ಫಲಿತಾಂಶದ ಭದ್ರತೆಯ ದೊಡ್ಡ ಪಾಲು ಸಾಕುವವರ ಕೈಯಲ್ಲಿದೆ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಪಂಜರದ ತಳದಲ್ಲಿ ಉದುರಿ ಬಿದ್ದ ಗರಿಯನ್ನು ಹೆಕ್ಕಿ ಕಳುಹಿಸಬಾರದು, ಏಕೆಂದರೆ ಅದರಲ್ಲಿ ಜೀವಕೋಶಗಳು ಕಡಿಮೆ, ಅದು ಯಾವ ಹಕ್ಕಿಯದು ಎಂಬ ಖಾತ್ರಿಯೂ ಇಲ್ಲ. ಕೈತೊಳೆದು, ಸಾಧ್ಯವಾದರೆ ಹೊಸ ಕೈಗವಸು ತೊಟ್ಟು, ಒಬ್ಬರು ಹಕ್ಕಿಯನ್ನು ಎದೆ ಒತ್ತದಂತೆ ಬಟ್ಟೆಯಲ್ಲಿ ಹಿಡಿದುಕೊಂಡರೆ, ಇನ್ನೊಬ್ಬರು ಎದೆಯ ಭಾಗದ ನಾಲ್ಕಾರು ಸಣ್ಣ ಗರಿಗಳನ್ನು ಬುಡದ ಹತ್ತಿರ ಹಿಡಿದು, ಅವು ಬೆಳೆದ ದಿಕ್ಕಿನಲ್ಲಿಯೇ ಚಕ್ಕನೆ ಕೀಳಬೇಕು. ರೆಕ್ಕೆ ಮತ್ತು ಬಾಲದ ದೊಡ್ಡ ಗರಿಗಳನ್ನು ಕೀಳುವುದು ಹಕ್ಕಿಗೆ ಅನಾವಶ್ಯಕ ಹಿಂಸೆ. ಪರೀಕ್ಷೆಗೆ ಬೇಕಾದ ಕೋಶಗಳು ಗರಿಯ ಬುಡದಲ್ಲಿರುವುದರಿಂದ ಆ ತುದಿಯನ್ನು ಬೆರಳಿನಿಂದ ಮುಟ್ಟಬಾರದು, ಕತ್ತರಿಸಲೂ ಬಾರದು. ಒಂದೊಂದು ಹಕ್ಕಿಗೂ ಬೇರೆ ಬೇರೆ ಕಾಗದದ ಲಕೋಟೆ ಇರಲಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ಕಟ್ಟಿ ಬೂಷ್ಟು ಹಿಡಿಯುತ್ತದೆ. ಕಾಲಿನ ಉಂಗುರದ ಸಂಖ್ಯೆ ಇದ್ದರೆ ಲಕೋಟೆಯ ಮೇಲೆ ಅದನ್ನು ಆಗಲೇ ಬರೆಯಬೇಕು, ಆಮೇಲೆ ನೆನಪಿನಿಂದಲ್ಲ.

ರಕ್ತದ ಮಾದರಿ ಇನ್ನೂ ಉತ್ತಮ. ಡಿಎನ್‌ಎ ಇರುವ ಕೋಶಕೇಂದ್ರ ನಮ್ಮ ಕೆಂಪು ರಕ್ತಕಣಗಳಿಗಿಲ್ಲ, ಹಕ್ಕಿಗಳದಕ್ಕೆ ಇದೆ. ಆದ್ದರಿಂದ ಒಂದು ಹನಿಯೇ ಧಾರಾಳವಾಗಿ ಸಾಕು. ಆದರೆ ಉಗುರು ಕತ್ತರಿಸಿ ರಕ್ತ ತೆಗೆಯುವ ಕೆಲಸವನ್ನು ಪಶುವೈದ್ಯರಿಗೇ ಬಿಡಬೇಕು. ಅಷ್ಟು ಸಣ್ಣ ದೇಹಕ್ಕೆ ಕೆಲವೇ ಹನಿಗಳ ನಷ್ಟವೂ ಭಾರವಾದೀತು. ಮರಿ ಹೊರಬಂದ ಮೊಟ್ಟೆಯ ಚಿಪ್ಪಿನ ಒಳಪೊರೆಯಿಂದಲೂ ಲಿಂಗವನ್ನು ತಿಳಿಯಬಹುದು, ಯಾವ ಚಿಪ್ಪು ಯಾವ ಮರಿಯದು ಎಂದು ಗೊತ್ತಿದ್ದರೆ.

ತಪ್ಪು ಉತ್ತರಗಳು ಹೇಗೆ ಬರುತ್ತವೆ ಎಂಬುದು ಎರಡು ಗೆರೆಗಳ ಲೆಕ್ಕದಿಂದಲೇ ತಿಳಿಯುತ್ತದೆ. ಗಂಡಿನ ಲಕೋಟೆಯಲ್ಲಿ ಹೆಣ್ಣಿನ ಗರಿಯ ಚೂರು ಸೇರಿದರೆ ಎರಡು ಗೆರೆ ಮೂಡಿ ಗಂಡು ಹೆಣ್ಣೆನಿಸಿಕೊಳ್ಳುತ್ತದೆ. ಮಾದರಿ ಹಾಳಾಗಿದ್ದು ಹೆಣ್ಣಿನ ಡಬ್ಲ್ಯೂ ತುಣುಕು ಪ್ರತಿಯಾಗದೆ ಹೋದರೆ, ಒಂದೇ ಗೆರೆ ಉಳಿದು ಹೆಣ್ಣು ಗಂಡೆನಿಸಿಕೊಳ್ಳುತ್ತದೆ. ವರದಿಯಲ್ಲಿ ಗಂಡೆಂದು ಬಂದ ಹಕ್ಕಿ ಮೊಟ್ಟೆಯಿಟ್ಟರೆ ಮೊಟ್ಟೆಯನ್ನು ನಂಬಿ, ಹೊಸ ಮಾದರಿ ಕಳುಹಿಸುವುದು ಸರಿ.

ನಮ್ಮ ಜಿಲ್ಲೆಗಳ ಮೆಕ್ಕೆಜೋಳದ ಹೊಲಗಳಿಗೆ ಹಿಂಡಾಗಿ ಇಳಿಯುವ ಹಸಿರು ಗಿಳಿಯ ವಿಚಾರವನ್ನು ಇಲ್ಲಿ ಬಿಡುವಂತಿಲ್ಲ. ಬೆಳೆದ ಗಂಡಿನ ಕುತ್ತಿಗೆಗೆ ಗುಲಾಬಿ, ಕಪ್ಪು ಪಟ್ಟಿ ಇರುವುದರಿಂದ ಅದರ ಲಿಂಗ ದೂರದಿಂದಲೇ ತಿಳಿಯುತ್ತದೆ; ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದೂ ಪಂಜರದಲ್ಲಿ ಸಾಕುವುದೂ ಅಪರಾಧ.

ಪರೀಕ್ಷೆ ಲಿಂಗವನ್ನು ಹೇಳುತ್ತದೆಯೇ ಹೊರತು ಹಕ್ಕಿಯ ವಯಸ್ಸನ್ನಾಗಲಿ, ಆರೋಗ್ಯವನ್ನಾಗಲಿ, ಎರಡು ಹಕ್ಕಿಗಳು ಹೊಂದಿಕೊಳ್ಳುತ್ತವೆಯೇ ಎಂಬುದನ್ನಾಗಲಿ ಹೇಳುವುದಿಲ್ಲ. ಮರಿ ಮಾಡಿಸುವ ಆಸೆಯಿಲ್ಲದವರಿಗೆ ಇದರ ಗೊಡವೆ ಏಕೆ ಎಂದು ಕೇಳಬಹುದು. ಗಂಡಿಲ್ಲದಿದ್ದರೂ ಹೆಣ್ಣುಹಕ್ಕಿ ಮೊಟ್ಟೆಯಿಡುತ್ತದೆ. ಒಂದೇ ಗೂಡಿನಲ್ಲಿ ವಾಡಿಕೆಗಿಂತ ಹೆಚ್ಚು ಮೊಟ್ಟೆಗಳಿದ್ದು, ಕಾವು ಕೂತ ಕೆಲವು ದಿನಗಳ ಬಳಿಕ ಟಾರ್ಚ್ ಬೆಳಕಿಗೆ ಹಿಡಿದರೂ ಯಾವುದರಲ್ಲಿಯೂ ರಕ್ತನಾಳ ಕಾಣದಿದ್ದರೆ, ‘ಜೋಡಿ’ಯ ಎರಡೂ ಹೆಣ್ಣಾಗಿರಬಹುದೆಂಬ ಅನುಮಾನ ಮೂಡಬೇಕು. ಹೆಣ್ಣೆಂದು ತಿಳಿದ ಹಕ್ಕಿಗೆ ಬರಿಯ ನವಣೆಯೊಂದೇ ಆಹಾರವಾದರೆ ಸುಣ್ಣದ ಅಂಶ ಸಾಲದೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ, ಕಟಲ್ ಬೋನ್ ಎಂದು ಮಾರುವ ಬಿಳಿಯ ತುಂಡನ್ನು ಪಂಜರದಲ್ಲಿ ಸದಾ ತೂಗುಹಾಕಿರಬೇಕು. ಹಕ್ಕಿ ಗರಿ ಉಬ್ಬಿಸಿ, ತಳದಲ್ಲಿ ಕೂತು, ಬಾಲ ಅದುರಿಸುತ್ತ ತಿಣುಕುತ್ತಿದ್ದರೆ ಮನೆಮದ್ದಿಗೆ ಸಮಯ ಕಳೆಯದೆ, ಬೆಚ್ಚಗೆ ಇರಿಸಿಕೊಂಡು ಅಂದೇ ಪಶುವೈದ್ಯರಲ್ಲಿಗೆ ಒಯ್ಯಬೇಕು.

ನಮಸ್ಕಾರ.